ಅಪ್‌ಡೇಟ್: ಸೆಕೆಯಲ್ಲಿ ಕೂಸಿಗೆ ನೀರು, ದೊಡ್ಡವಳ ಹಟ

ಈ ಬಿಸಿಲಲ್ಲಿ ಎಳೆಕೂಸಿಗೆ ನೀರು ಕುಡಿಸಬೇಕಾ, ಎರಡೂವರೆ ವರ್ಷದ ದೊಡ್ಡವಳನ್ನ ಹೇಗೆ ಸಂಭಾಳಿಸೋದು ಅಂತ ಕೇಳಿದ್ದೆ. ಮಕ್ಕಳ ಡಾಕ್ಟರು ಸ್ಪಷ್ಟವಾಗಿ ಹೇಳಿದರು: 6 ತಿಂಗಳು ತುಂಬುವವರೆಗೆ ಎದೆಹಾಲೇ ಸಾಕು, ಒಂದು ಚಮಚ ನೀರೂ ಬೇಡ; ಸೆಕೆ ಜಾಸ್ತಿಯಾದರೆ ಹಾಲನ್ನೇ ಹೆಚ್ಚು ಸಲ ಕುಡಿಸಿ. ಅತ್ತೆಯೂ ಒಪ್ಪಿದರು, ನನಗೆ ಅದೇ ದೊಡ್ಡ ನೆಮ್ಮದಿ. ಕುಲಾವಿ, ಸ್ವೆಟರು ಬೀರು ಸೇರಿವೆ. ತೆಳು ಹತ್ತಿಯ ಜಬಲಾ ಹಾಕೋಕೆ ಶುರು ಮಾಡಿದ ಮೇಲೆ ಕತ್ತಿನ ಬೆವರುಸಾಲೆ ಇಳಿದಿದೆ.

ದೊಡ್ಡವಳದೇ ಕಷ್ಟ. ನಾನು ಹಾಲು ಕೊಡೋಕೆ ಕೂತರೆ ಸಾಕು, ದುಪಟ್ಟಾ ಹಿಡಿದು ಎಳೀತಾಳೆ. ನಿಮ್ಮಲ್ಲೊಬ್ಬರು ಹೇಳಿದಂತೆ ಪಾಪುವಿನ ಲಂಗೋಟಿ ತಂದುಕೊಡೋ ಕೆಲಸ ವಹಿಸಿದೆ. ಒಂದು ಕೇಳಿದರೆ ಇಡೀ ಕಟ್ಟನ್ನೇ ಅಪ್ಪಿಕೊಂಡು ಬರ್ತಾಳೆ! ಬೆಳಿಗ್ಗೆ ಅವಳಪ್ಪ ಲಾಲ್‌ಬಾಗ್‌ಗೆ ಕರ್ಕೊಂಡು ಹೋಗಿ, ಬಿಸಿಲೇರೋ ಮುಂಚೆ ವಾಪಸ್ ಬರ್ತಾರೆ. ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಕುಡಿದು ಮಧ್ಯಾಹ್ನ ಚೆನ್ನಾಗಿ ಮಲಗ್ತಾಳೆ. ಸಂಜೆಯ ರಂಪ ಮಾತ್ರ ನಿಂತಿಲ್ಲ, ಅದಕ್ಕೂ ಏನಾದರೂ ಉಪಾಯ ಇದ್ದರೆ ಹೇಳಿ.