ಅಪ್‌ಡೇಟ್: ಅಮ್ಮನ ಮಂಡಿನೋವು, ಮಾತ್ರೆ ಮತ್ತು ಕಷಾಯ

ಮಂಡಿನೋವಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗುತ್ತಿರುವ ಅಮ್ಮನಿಗೆ ಬಿಪಿ ಏರಿದೆ, ಮಾತ್ರೆ ಬಿಡಿಸಿ ಕಷಾಯವನ್ನಷ್ಟೇ ಕೊಡಲೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು.

ಚಿಂತಾಮಣಿಯಿಂದ ಕೋಲಾರಕ್ಕೆ ಕರೆದೊಯ್ದು ವೈದ್ಯರಿಗೆ ತೋರಿಸಿದೆ. ಅಮ್ಮ ಎಲೆಅಡಿಕೆ ಚೀಲದಿಂದ ಖಾಲಿ ಮಾತ್ರೆಪಟ್ಟಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಒಂಬತ್ತು! ನನ್ನ ಎದೆ ಧಸಕ್ಕೆಂದಿತು. ಈ ಬಗೆಯ ಮಾತ್ರೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸಬಲ್ಲವು, ಉಪ್ಪನ್ನೂ ನೀರನ್ನೂ ಮೈಯಲ್ಲೇ ಉಳಿಸುತ್ತವೆ, ಬಿಪಿ ಮಾತ್ರೆಯ ಬಲವನ್ನೂ ಕುಗ್ಗಿಸುತ್ತವೆ.

ನನ್ನ ಕಷಾಯವೂ ನಿರಪಾಯವಾಗಿರಲಿಲ್ಲ. ಅದರಲ್ಲಿದ್ದ ಜ್ಯೇಷ್ಠಮಧು ಹೆಚ್ಚಾದರೆ ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆಯಂತೆ. ಬರೀ ಬೇರು ತಾನೇ ಎಂದುಕೊಂಡು ದಿನವೂ ಕುದಿಸಿ ಕೊಟ್ಟೆನಲ್ಲ!

ಈಗ ಎರಡೂ ನಿಂತಿವೆ. ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್, ರಾತ್ರಿ ಬಿಸಿನೀರಿನ ಶಾಖ. ಮೂತ್ರಪಿಂಡ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.6 ಇದ್ದದ್ದು ಆರು ವಾರಗಳಲ್ಲಿ 1.2ಕ್ಕೆ ಇಳಿದಿದೆ. ನಿನ್ನೆ ಅಮ್ಮ ಟೊಮೆಟೊ ತೋಟಕ್ಕೆ ನಡೆದೇ ಹೋದಳು.