2,20,000 ಕಿ.ಮೀ. ಓಡಿದ ಡೀಸೆಲ್ ಬಿಎಂಡಬ್ಲ್ಯೂ ತಗೊಳ್ಳಬಹುದಾ?

ಪ್ರಶ್ನೆ: ಸರ್, 2010ರ ಬಿಎಂಡಬ್ಲ್ಯೂ 320ಡಿ ಆಟೊಮ್ಯಾಟಿಕ್ ಎರಡು ನೋಡಿದ್ದೇನೆ. ಒಂದು 2,20,000 ಕಿ.ಮೀ. ಓಡಿದೆ, ಬಿಲ್ ಎಲ್ಲ ಇವೆ. ಇನ್ನೊಂದು 90,000 ಮಾತ್ರ, ಆದರೆ ಒಂದೂ ಬಿಲ್ ಇಲ್ಲ. ಕಡಿಮೆ ಓಡಿದ್ದೇ ಒಳ್ಳೇದು ಅಲ್ವಾ?

ಮೆಕ್ಯಾನಿಕ್: ಡೀಸೆಲ್‌ನಲ್ಲಿ ಹಾಗೆ ಹೇಳಲು ಬರುವುದಿಲ್ಲ. ಇಷ್ಟು ವರ್ಷಕ್ಕೆ 90,000 ಅಂದರೆ ಮೀಟರ್ ಹಿಂದಕ್ಕೆ ತಿರುಗಿಸಿರಬಹುದು. ಇಲ್ಲವೇ ಗಾಡಿ ಬರೀ ಹತ್ತಿರದ ಓಡಾಟ ಮಾಡಿರಬಹುದು. ಅದು ಇನ್ನೂ ಕೆಟ್ಟದ್ದು. ಡಿಪಿಎಫ್‌ನಲ್ಲಿ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್‌ನಲ್ಲಿ, ಕೂತ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು. ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಅಷ್ಟು ಬಿಸಿಯಾಗುವುದೇ ಇಲ್ಲ. ಮಸಿ ಸುಡಲು ಇಂಜಿನ್ ತಾನೇ ಸಿಂಪಡಿಸಿದ ಹೆಚ್ಚುವರಿ ಡೀಸೆಲ್ ಸ್ವಲ್ಪ ಸ್ವಲ್ಪವಾಗಿ ಇಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಹೆದ್ದಾರಿಯಲ್ಲಿ ಓಡಿದ ಎರಡು ಲಕ್ಷಕ್ಕೆ ನಾನು ಹೆದರುವುದಿಲ್ಲ.

ಈ ಗಾಡಿಯಲ್ಲಿ ನನಗೆ ನಿಜವಾದ ಭಯ ಟೈಮಿಂಗ್ ಚೈನ್, ಅಂದರೆ ಪಿಸ್ಟನ್‌ಗೂ ವಾಲ್ವ್‌ಗೂ ತಾಳ ಹೊಂದಿಸುವ ಸರಪಳಿ. ಇದರ ಎನ್47 ಇಂಜಿನ್‌ಗೆ ಚೈನ್ ವಿಷಯದಲ್ಲಿ ಕೆಟ್ಟ ಹೆಸರು ಮೊದಲಿಂದಲೂ ಇದೆ. ಚೈನ್ ಮುಂದೆ ಇಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆ ಇದೆ. ಬದಲಿಸಬೇಕಾದರೆ ಗೇರ್‌ಬಾಕ್ಸ್ ಅಥವಾ ಇಂಜಿನ್ನೇ ಇಳಿಸಬೇಕು. ಬದಲಿಸದೆ ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ, ಇಂಜಿನ್ ಹೋದಂತೆಯೇ. ಬಿಲ್‌ಗಳಲ್ಲಿ ಚೈನ್ ಬದಲಿಸಿದ್ದು ಇದೆಯಾ ನೋಡಿ.

ಪ್ರಶ್ನೆ: ನೋಡಿದೆ ಸರ್, ಇಲ್ಲ. ಆಯಿಲ್ ಪ್ರತಿ 25,000ಕ್ಕೆ ಬದಲಿಸಿದ್ದಾರೆ. ಗಾಡಿಯೇ ತೋರಿಸಿದ ಹಾಗೆ ಮಾಡಿಸಿದೆವು ಅನ್ನುತ್ತಾರೆ.

ಮೆಕ್ಯಾನಿಕ್: ಅವರದು ತಪ್ಪಲ್ಲ, ಗಾಡಿ ಹಾಗೇ ತೋರಿಸುತ್ತದೆ. ಆದರೆ ನನ್ನ ಕೈಗೆ ಬಂದ ಡೀಸೆಲ್ ಗಾಡಿಗೆ ನಾನು 10,000ಕ್ಕೇ ಆಯಿಲ್ ಬದಲಿಸುತ್ತೇನೆ. ಮಸಿ ತುಂಬಿದ ಆಯಿಲ್‌ನಲ್ಲಿ ಓಡಿ ಓಡಿ ಚೈನ್ ಸವೆಯುತ್ತದೆ. ಚೈನ್ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆದು ಕೊಟ್ಟರೆ ಮಾತ್ರ ಮುಂದುವರಿಯಿರಿ. ಕೊಂಡ ವಾರವೇ ಮಾಡಿಸಿ, ಆಮೇಲೆ ನೋಡೋಣ ಅನ್ನಬೇಡಿ.

ಪ್ರಶ್ನೆ: ನಾಳೆ ನೋಡಲು ಹೋಗುತ್ತಿದ್ದೇನೆ. ಏನೇನು ನೋಡಲಿ?

ಮೆಕ್ಯಾನಿಕ್: ನೀವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಇವತ್ತೇ ಹೇಳಿಬಿಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅವತ್ತು ಪರೀಕ್ಷೆ ಬೇಡ, ಇನ್ನೊಂದು ದಿನ ಹೋಗಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಇಂಜಿನ್ನಿನ ಹಿಂಭಾಗಕ್ಕೆ ಕಿವಿ ಕೊಡಿ. ಕರಕರ ಉಜ್ಜಿದ ಸದ್ದು ಬಂದರೆ ಬಿಟ್ಟುಬಿಡಿ. ಸೈಲೆನ್ಸರ್ ಬಾಯೊಳಗೆ ಬೆರಳಾಡಿಸಿ. ಡಿಪಿಎಫ್ ಸರಿ ಇದ್ದರೆ ಕಪ್ಪು ಮಸಿ ಅಂಟುವುದಿಲ್ಲ. ಅಂಟಿದರೆ ಅದು ಒಡೆದಿದೆ, ಇಲ್ಲವೇ ಯಾರೋ ಕಿತ್ತು ಹಾಕಿದ್ದಾರೆ.

ಗೇರ್‌ಬಾಕ್ಸ್ ಆಯಿಲ್ ಬಗ್ಗೆಯೂ ಕೇಳಿ. ಆಯಸ್ಸಿಡೀ ಬದಲಿಸಬೇಕಿಲ್ಲ ಅನ್ನುವ ಮಾತಿದೆ. ಆದರೆ ಬಿಎಂಡಬ್ಲ್ಯೂಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತದೆ. ಗಾಡಿಯ ಕಂಪ್ಯೂಟರ್‌ನಲ್ಲಿರುವ ದೋಷ ಓದುವ ಸ್ಕ್ಯಾನರ್ ಇರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಸದ್ದು ರೆಕಾರ್ಡ್ ಮಾಡಿ ಇಲ್ಲಿ ಹಾಕಿದರೆ ನಾನೂ ಕೇಳುತ್ತೇನೆ.