ಗಣೇಶನ ಹಬ್ಬಕ್ಕೆ 25 ಎಲೆ: ಆಲೂಗಡ್ಡೆ ಪಲ್ಯಕ್ಕೆ ಅಳತೆ ಹೇಳ್ತೀರಾ?

ಕೇಳಿದವರು, ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಈ ಸಲ ಗಣೇಶನ ಹಬ್ಬದ ಊಟಕ್ಕೆ ನಮ್ಮ ಮನೆಗೆ 25 ಜನ ಬರುತ್ತಾರೆ. ಪ್ರತಿ ವರ್ಷ ಅಡುಗೆ ಅಮ್ಮನದೇ. ಈಗ ಅವರಿಗೆ ಮಂಡಿ ಆಪರೇಷನ್ ಆಗಿದೆ, ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲುವ ಹಾಗಿಲ್ಲ. ನಾನೂ ನನ್ನ ಹೆಂಡತಿಯೂ ಕೆಲಸ ಹಂಚಿಕೊಂಡಿದ್ದೇವೆ. ಆಲೂಗಡ್ಡೆ ಪಲ್ಯ ನನ್ನದು. ಈರುಳ್ಳಿ, ಬೆಳ್ಳುಳ್ಳಿ ಹಾಕುವುದಿಲ್ಲ.

ವರಮಹಾಲಕ್ಷ್ಮಿ ಹಬ್ಬದ ದಿನ ಮಾಡಿದ್ದೆ. ಬಾಂಡಲೆಯಲ್ಲಿ ಅಂಟಂಟಾಗಿ ಮುದ್ದೆ ಆಯಿತು. ಒಂದು ಕಡೆ ಉಪ್ಪು ಜಾಸ್ತಿ, ಇನ್ನೊಂದು ಕಡೆ ಸಪ್ಪೆ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲ. ಅಮ್ಮನನ್ನು ಕೇಳಿದರೆ "ಅಂದಾಜಿಗೆ ಹಾಕೋ" ಎನ್ನುತ್ತಾರೆ. ನನಗೆ ಚಮಚದ ಲೆಕ್ಕ ಬೇಕು. ಎಷ್ಟು ಕಿಲೋ ತರಲಿ? ಮುದ್ದೆ ಆಗದ ಹಾಗೆ ಹೇಗೆ ಬೇಯಿಸಲಿ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಮೈಸೂರಿನಿಂದ ಒಬ್ಬರು:

ತಮ್ಮಾ, ಮೂವತ್ತು ವರ್ಷದಿಂದ ಹಬ್ಬದ ಅಡುಗೆ ಮಾಡುತ್ತಿದ್ದೇನೆ. ನಿಮ್ಮ ಪಲ್ಯ ಒಗ್ಗರಣೆಯಲ್ಲಿ ಕೆಟ್ಟಿಲ್ಲ. ಬೇಯಿಸುವಾಗಲೇ ಕೆಟ್ಟಿದೆ. ಗಡ್ಡೆ ಹೆಚ್ಚು ಬೆಂದಿದೆ, ಬಿಸಿ ಇರುವಾಗಲೇ ಹೆಚ್ಚಿದ್ದೀರಿ, ಆಮೇಲೆ ಸೌಟು ಹಾಕಿ ತಿರುಗಿಸಿದ್ದೀರಿ. ಬಿಸಿ ಗಡ್ಡೆಯನ್ನು ಕಲಸಿದಷ್ಟೂ ಒಳಗಿನ ಪಿಷ್ಟ ಹೊರಗೆ ಬಂದು ಅಂಟಾಗುತ್ತದೆ. ತಣ್ಣಗಾದ ಗಡ್ಡೆ ಹಾಗೆ ಮಾಡುವುದಿಲ್ಲ.

25 ಎಲೆಗೆ 3 ಕಿಲೋ ತನ್ನಿ. ಕೋಸಂಬರಿ, ಇನ್ನೊಂದು ಪಲ್ಯ ಹೇಗೂ ಇರುತ್ತದೆ ಅಲ್ವಾ? ಒಬ್ಬರಿಗೆ 100 ಗ್ರಾಂ ಸಾಕು. ಆದರೆ ಈ ಪಲ್ಯವನ್ನು ಮಕ್ಕಳು ಎರಡನೇ ಸಲ ಕೇಳಿಯೇ ಕೇಳುತ್ತಾರೆ. ಎಲ್ಲ ಒಂದೇ ಗಾತ್ರದವು ಆರಿಸಿಕೊಳ್ಳಿ, ಮಧ್ಯಮ ಗಾತ್ರದವು. ದೊಡ್ಡದು, ಸಣ್ಣದು ಬೆರೆತರೆ ದೊಡ್ಡದು ಬೇಯುವಷ್ಟರಲ್ಲಿ ಸಣ್ಣದು ಒಡೆದಿರುತ್ತದೆ.

ಸಿಪ್ಪೆ ಸಮೇತ ಇಡೀ ಗಡ್ಡೆ ಬೇಯಿಸಿ. 5 ಲೀಟರ್ ಕುಕ್ಕರ್ ಆದರೆ ಒಂದು ಸಲಕ್ಕೆ ಒಂದೂವರೆ ಕಿಲೋ, ಎರಡು ಸರದಿ. ಮುಳುಗುವಷ್ಟು ನೀರು ಬೇಡ, ಒಂದೂವರೆ ಲೋಟ ಸಾಕು. ಎರಡು ವಿಷಲ್ ಆದ ಮೇಲೆ ಒಲೆ ಆರಿಸಿ. ಪ್ರೆಷರ್ ತಾನೇ ಇಳಿದ ತಕ್ಷಣ ಗಡ್ಡೆ ನೀರಿನಿಂದ ತೆಗೆದುಬಿಡಿ. ಚಾಕು ಚುಚ್ಚಿದರೆ ಒಳಗೆ ಹೋಗಬೇಕು, ನಡುವೆ ಸ್ವಲ್ಪ ತಡೆದ ಹಾಗೆ ಆಗಬೇಕು. ಬೆಚ್ಚಗಿರುವಾಗ ಸಿಪ್ಪೆ ಸುಲಿದು ಅಗಲ ತಟ್ಟೆಗಳಲ್ಲಿ ಬಿಡಿಬಿಡಿಯಾಗಿ ಹರಡಿ. ಫ್ಯಾನ್ ಹಾಕಿ ಒಂದು ಗಂಟೆ ಬಿಡಿ. ಪೂರ್ತಿ ತಣ್ಣಗಾದ ಮೇಲೆ ಹೆಚ್ಚಿ. ಹಿಂದಿನ ರಾತ್ರಿಯೇ ಬೇಯಿಸಿಟ್ಟರೆ ಹೋಳು ಇನ್ನೂ ಗಟ್ಟಿ ಇರುತ್ತದೆ ನಿಜ. ಆದರೆ ನೈವೇದ್ಯಕ್ಕೆ ತಂಗಳು ಇಡುವುದಿಲ್ಲವಲ್ಲ. ಬೆಳಗ್ಗೆ ಆರಕ್ಕೆ ಮೊದಲ ಕುಕ್ಕರ್ ಇಟ್ಟುಬಿಡಿ.

ಈಗ ಉಪ್ಪು. ಕಿಲೋಗೆ ಎರಡು ಟೀ ಚಮಚ ಪುಡಿ ಉಪ್ಪು, ಮಟ್ಟವಾಗಿ. 3 ಕಿಲೋಗೆ ಆರು. ಇದನ್ನು ಮೇಲಿಂದ ಉದುರಿಸಬೇಡಿ. ಅರ್ಧ ಲೋಟ ನೀರಿನಲ್ಲಿ ಉಪ್ಪು, ಅರಿಶಿನ ಎರಡನ್ನೂ ಕರಗಿಸಿ. ಒಗ್ಗರಣೆಗೆ ಹೋಳು ಹಾಕಿದ ಮೇಲೆ ಆ ನೀರನ್ನು ಸುತ್ತಲೂ ಚಿಮುಕಿಸಿ. ಎಲ್ಲ ಹೋಳಿಗೂ ಒಂದೇ ಸಮ ಹಿಡಿಯುತ್ತದೆ. ರುಚಿ ನೋಡದೆ ಅಡುಗೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಕಿಲೋಗೆ ನಾಲ್ಕು ದೊಡ್ಡ ಚಮಚ ಎಣ್ಣೆ. ಸಾಸಿವೆ ಸಿಡಿಯಲಿ, ಕಡಲೆಬೇಳೆ, ಉದ್ದಿನಬೇಳೆ ಕೆಂಪಾಗಲಿ. ಆಮೇಲೆ ಇಂಗು, ಹಸಿಮೆಣಸಿನಕಾಯಿ, ತುರಿದ ಶುಂಠಿ, ಕರಿಬೇವು. ಈರುಳ್ಳಿ ಇಲ್ಲದ ಪಲ್ಯಕ್ಕೆ ಇಂಗು ಧಾರಾಳವಾಗಿ ಬೇಕು. 3 ಕಿಲೋ ಒಟ್ಟಿಗೆ ಹಾಕಬೇಡಿ, ಎರಡು ಸಲ ಮಾಡಿ, ಉಪ್ಪಿನ ನೀರನ್ನೂ ಅರ್ಧರ್ಧ ಹಾಕಿ. ಬಾಂಡಲೆ ತುಂಬಿದರೆ ಕೆಳಗಿನ ಹೋಳು ಭಾರಕ್ಕೇ ನುಜ್ಜಾಗುತ್ತದೆ. ಸೌಟು ಬೇಡ, ದೋಸೆ ಮಗುಚುವ ಚಪ್ಪಟೆ ಸಟ್ಟುಗದಲ್ಲಿ ತಳದಿಂದ ಎತ್ತಿ ಮಗುಚಿ, ನಾಲ್ಕೈದು ಸಲ, ಅಷ್ಟೇ. ಒಲೆ ಆರಿಸಿದ ಮೇಲೆ ನಿಂಬೆರಸ, ಕೊತ್ತಂಬರಿ. ಕಾಯಿತುರಿ ಮಾತ್ರ ಎಲೆ ಹಾಕುವ ಹೊತ್ತಿಗೆ. ಬೆಳಗ್ಗೆಯೇ ಕಾಯಿ ಬೆರೆಸಿ ಮುಚ್ಚಿಟ್ಟರೆ ಮಧ್ಯಾಹ್ನಕ್ಕೆ ಹಳಸಿದ ವಾಸನೆ ಬರಬಹುದು.

ಹಾಸನದ ಕಡೆಯಿಂದ ಒಬ್ಬರು:

ಅಕ್ಕ ಬೇಯಿಸುವುದನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಗಡ್ಡೆಯ ಬಗ್ಗೆ ಹೇಳುತ್ತೇನೆ. ನಮ್ಮದು ಆಲೂಗಡ್ಡೆ ಬೆಳೆಯುವ ಮನೆ. ಮೇ, ಜೂನ್‌ನಲ್ಲಿ ಮಳೆ ನೋಡಿಕೊಂಡು ನೆಡುತ್ತೇವೆ, ಆಗಸ್ಟ್, ಸೆಪ್ಟೆಂಬರ್‌ಗೆ ಕೀಳುತ್ತೇವೆ. ಗೌರಿ ಗಣೇಶ ಹಬ್ಬದ ಹೊತ್ತಿಗೆ ಹೊಸ ಗಡ್ಡೆ ಮಾರ್ಕೆಟ್‌ಗೆ ಬಂದಿರುತ್ತದೆ. ಸಿಪ್ಪೆ ತೆಳ್ಳಗೆ, ಹೆಬ್ಬೆರಳಿನಲ್ಲಿ ಉಜ್ಜಿದರೆ ಎದ್ದು ಬರುತ್ತದೆ. ಬೇಗ ಒಡೆಯುವುದಿಲ್ಲ, ಹೋಳು ಹೋಳಾಗಿ ನಿಲ್ಲುತ್ತದೆ. ಪಲ್ಯಕ್ಕೆ ಅದನ್ನೇ ಕೇಳಿ ತನ್ನಿ.

ಕೋಲ್ಡ್ ಸ್ಟೋರೇಜ್ ಗಡ್ಡೆ ಸಿಹಿಯಾಗಿರುತ್ತದೆ. ಚಳಿಯಲ್ಲಿ ಇಟ್ಟರೆ ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಮನೆಯಲ್ಲೂ ಫ್ರಿಜ್‌ನಲ್ಲಿ ಇಡಬೇಡಿ. ಹಸಿರು ತಿರುಗಿದ್ದು, ಮೊಳಕೆ ಬಂದದ್ದು ಬೇಡವೇ ಬೇಡ.

ಒಂದು ಮಾತು. ಮಳೆಗಾಲದ ಗಡ್ಡೆ ಒದ್ದೆಯಾಗಿದ್ದರೆ ಬೇಗ ಕೊಳೆಯುತ್ತದೆ. ಅಂಗಮಾರಿ ರೋಗ ಬಿದ್ದ ವರ್ಷ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕಂದು ಬಣ್ಣ ಇರುತ್ತದೆ. ಹಬ್ಬಕ್ಕೆ ಎರಡು ದಿನ ಮುಂಚೆ ತನ್ನಿ, ಅರ್ಧ ಕಿಲೋ ಹೆಚ್ಚಿಗೇ ತನ್ನಿ. ಚೀಲದಲ್ಲಿ ಕಟ್ಟಿಡದೆ ನೆಲದ ಮೇಲೆ ಹರಡಿ. ಬೆಲೆ ಎರಡು ರೂಪಾಯಿ ಹೆಚ್ಚಾದರೂ ಹೊಸ ಗಡ್ಡೆ ತೆಗೆದುಕೊಳ್ಳಿ. ಬೆಳೆದವರಿಗೆ ಆ ಸಮಯದಲ್ಲಿ ಕೈಗೆ ದುಡ್ಡು ಬರಬೇಕು.

ಧಾರವಾಡದಿಂದ ಒಬ್ಬರು:

ಪಲ್ಯ ನೀರಾದರೆ ಗಾಬರಿ ಬೇಡ. ಪುಟಾಣಿ (ಹುರಿಗಡಲೆ) ಹಿಟ್ಟು ಎರಡು ಚಮಚ ಮೇಲೆ ಉದುರಿಸಿ ಮೆಲ್ಲಗೆ ಮಗುಚಿ, ನೀರು ಹೀರಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಹೋಳಿಗೆ ಊಟದ ದಿನ ಬಟಾಟಿ ಪಲ್ಯಕ್ಕೆ ಇದನ್ನು ಹಾಕಿಯೇ ಹಾಕುತ್ತೇವೆ, ನೀರಾಗಲಿ ಬಿಡಲಿ.

ಮಂಗಳೂರಿನಿಂದ ಒಬ್ಬರು:

ನಮ್ಮಲ್ಲಿ ಇದಕ್ಕೆ ಬಟಾಟೆ ಅಂತಲೇ ಹೆಸರು, ಪೋರ್ಚುಗೀಸರಿಂದ ಬಂದ ಮಾತು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ದಿನ ನಮ್ಮ ಕೊಂಕಣಿ ಮನೆಗಳಲ್ಲಿ ಬಟಾಟೆ ಹುಮ್ಮಣ ಮಾಡುತ್ತೇವೆ. ಕಾಯಿತುರಿ, ಹುರಿದ ಬ್ಯಾಡಗಿ ಮೆಣಸು, ಹುಣಸೆಹಣ್ಣು ನುಣ್ಣಗೆ ರುಬ್ಬಿ, ಬೆಂದ ಬಟಾಟೆ ಹೋಳುಗಳಿಗೆ ಸೇರಿಸಿ ಕುದಿಸುವುದು. ಇಳಿಸಿದ ಮೇಲೆ ಇಂಗಿನ ನೀರು, ಹಸಿ ತೆಂಗಿನೆಣ್ಣೆ. ಒಗ್ಗರಣೆಯೇ ಇಲ್ಲ. ಮುಚ್ಚಳ ತೆಗೆದಾಗ ಬರುವ ಇಂಗು, ಎಣ್ಣೆಯ ಪರಿಮಳವೇ ನಮಗೆ ಚೌತಿ ಹಬ್ಬ.

ನಿಮಗೆ ಇದನ್ನು ಹೇಳಲು ಕಾರಣ, ಇದರಲ್ಲಿ ಹೋಳು ಸ್ವಲ್ಪ ಒಡೆದರೂ ಚೆಂದವೇ, ರಸ ದಪ್ಪ ಆಗುತ್ತದೆ. ಒಂದೇ ಎಚ್ಚರ: ಬಟಾಟೆ ಪೂರ್ತಿ ಬೇಯದೆ ಹುಣಸೆ ಹಾಕಬಾರದು. ಹುಳಿ ಬಿದ್ದರೆ ಆಮೇಲೆ ಎಷ್ಟು ಕುದಿಸಿದರೂ ಹೋಳು ಮೆತ್ತಗಾಗುವುದಿಲ್ಲ. ಎಲೆಯಲ್ಲಿ ಹರಿಯುತ್ತದೆ, ಹಾಗಾಗಿ ಗಟ್ಟಿಯಾಗಿ ಇಳಿಸಿ.

ಅಮೆರಿಕದ ಡಲ್ಲಾಸ್‌ನಿಂದ ಒಬ್ಬರು:

ಇಲ್ಲಿರುವವರು ಯಾರಾದರೂ ಓದುತ್ತಿದ್ದರೆ ಅಂತ ಬರೆಯುತ್ತಿದ್ದೇನೆ. ರಸೆಟ್ ಆಲೂಗಡ್ಡೆ ತರಬೇಡಿ, ಅದು ಹಿಟ್ಟು ಹಿಟ್ಟಾಗಿ ಒಡೆಯುತ್ತದೆ. ಯೂಕಾನ್ ಗೋಲ್ಡ್ ಅಥವಾ ಕೆಂಪು ಸಿಪ್ಪೆಯ ಗಡ್ಡೆ ತನ್ನಿ. ಎರಡು ವರ್ಷ ರಸೆಟ್‌ನಲ್ಲಿ ಮಾಡಿ, ಒಗ್ಗರಣೆಯದೇ ತಪ್ಪು ಅಂದುಕೊಂಡಿದ್ದೆ.

ಕೇಳಿದವರು:

ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ 1 ಕಿಲೋ ಮಾಡಿ ನೋಡಿದೆ. ಹಾಸನದ ಹೊಸ ಗಡ್ಡೆಯೇ ಸಿಕ್ಕಿತು. ಎರಡು ವಿಷಲ್, ಒಂದು ಗಂಟೆ ಫ್ಯಾನ್ ಕೆಳಗೆ. ಹೋಳು ಒಂದೂ ಒಡೆಯಲಿಲ್ಲ.

ಉಪ್ಪು ಹಾಕುವ ಮುಂಚೆ ಒಂದು ಕೆಲಸ ಮಾಡಿದೆ. ಅಮ್ಮನನ್ನು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಉಪ್ಪಿನ ಡಬ್ಬಿ ಮುಂದಿಟ್ಟು, "ಇಷ್ಟು ಗಡ್ಡೆಗೆ ಎಷ್ಟು ಹಾಕ್ತೀಯೋ ತೆಗೆದುಕೊಡು" ಅಂದೆ. ಅವರು ಕೈಯಲ್ಲಿ ತೆಗೆದದ್ದನ್ನು ತಟ್ಟೆಗೆ ಹಾಕಿಸಿಕೊಂಡು ಚಮಚದಲ್ಲಿ ಅಳೆದೆ. ಎರಡು ಚಮಚ, ಮೇಲೊಂದು ಚಿಟಿಕೆ. ಇನ್ನೊಂದು ಸಲ ತೆಗೆಸಿದೆ. ಅಷ್ಟೇ ಬಂತು. ಅಕ್ಕ, ನಿಮ್ಮ ಲೆಕ್ಕಕ್ಕೂ ಅವರ ಕೈಗೂ ಒಂದು ಚಿಟಿಕೆ ವ್ಯತ್ಯಾಸ. ನಮ್ಮ ಮನೆಗೆ ಆ ಚಿಟಿಕೆ ಸೇರಿಸಿಯೇ ಬರೆದಿಟ್ಟುಕೊಂಡೆ.

ಮೈಸೂರಿನಿಂದ ಒಬ್ಬರು:

ಇಂಗನ್ನೂ ಹಾಗೇ ಅಳೆದುಕೊಳ್ಳಿ ತಮ್ಮಾ. ಹುಳಿಗೆ ಹುಣಸೆ ಎಷ್ಟು, ಚಿತ್ರಾನ್ನಕ್ಕೆ ನಿಂಬೆ ಎಷ್ಟು, ಎಲ್ಲವನ್ನೂ. ಈ ವಾರವೇ, ಅವರು ಕುರ್ಚಿಯಲ್ಲಿ ಕೂತಿರುವಾಗಲೇ.